ಹೊಟ್ಟೆ ಡಾಕ್ಟ್ರೇ, ಅವಳ ಪ್ಯಾಪ್ ಟೆಸ್ಟ್ ಬಗ್ಗೆ ನೀವೇ ಕೇಳಿ: ಅಮೆರಿಕದ ಕನ್ನಡಿಗ ವೈದ್ಯರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ, ಅದ್ರಲ್ಲೂ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲೋರಿಡಾ ಕಡೆ ಗ್ಯಾಸ್ಟ್ರೋ ಪ್ರಾಕ್ಟೀಸ್ ಮಾಡ್ತಿರೋ ನಮ್ಮ ಕನ್ನಡದ ಡಾಕ್ಟರ್‌ಗಳಿಗೆಲ್ಲ ನಮಸ್ಕಾರ,

ನಾನು ಟೆಕ್ಸಾಸ್‌ನಲ್ಲಿ ಇನ್‌ಫ್ಯೂಷನ್ ನರ್ಸ್. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅನ್ನೋ ದೀರ್ಘಕಾಲದ ಕರುಳಿನ ಉರಿಯೂತದ ಖಾಯಿಲೆ (ಸೇರಿಸಿ ಐಬಿಡಿ ಅಂತಾರೆ) ಇರೋರಿಗೆ ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಔಷಧಿಯ ಡ್ರಿಪ್ ಹಾಕೋದು, ಬಿಪಿ ನೋಡ್ಕೊಳ್ಳೋದು, ರಿಯಾಕ್ಷನ್ ಬಂದ್ರೆ ನಿಲ್ಸೋದು, ಇದೇ ನನ್ನ ದಿನ. ನಮ್ಮಲ್ಲಿಗೆ ಬರೋ ಹೆಂಗಸರಲ್ಲಿ ಬಹಳಷ್ಟು ಜನ ಹಿಸ್ಪಾನಿಕ್, ಅಂದ್ರೆ ಸ್ಪ್ಯಾನಿಷ್ ಮಾತಾಡೋ ನಾಡುಗಳ ಮೂಲದವರು, ಅದ್ರಲ್ಲಿ ಮೆಕ್ಸಿಕೋ ಮೂಲದವರೇ ಜಾಸ್ತಿ, ಆಮೇಲೆ ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಪೋರ್ಟೊ ರಿಕೋದವರೂ ಇದಾರೆ. ಈ ಪತ್ರ ಅವರ ಬಗ್ಗೆ. ಕನ್ನಡದಲ್ಲಿ ಯಾಕೆ ಬರೀತಿದೀನಿ ಅಂದ್ರೆ ಈ ಊರುಗಳಲ್ಲಿ ಹೊಟ್ಟೆ ಕರುಳಿನ ಡಾಕ್ಟರ್‌ಗಳ ಬೋರ್ಡ್ ಓದ್ತಾ ಹೋದ್ರೆ ನಮ್ಮ ಮೈಸೂರು, ಮಣಿಪಾಲ, ಹುಬ್ಬಳ್ಳಿ, ದಾವಣಗೆರೆಯಲ್ಲಿ ಓದಿದವರ ಹೆಸರು ಸಿಕ್ಕೇ ಸಿಗುತ್ತೆ. ಕ್ಲಿನಿಕ್‌ನಲ್ಲಿ ನಿಮ್ಮ ಮಾತಿಗೆ ತೂಕ ಇದೆ, ನೀವು ಒಂದು ಪದ್ಧತಿ ಶುರು ಮಾಡಿದ್ರೆ ನಾಳೆಯಿಂದಾನೇ ನಡೆಯುತ್ತೆ, ನಾನು ಶುರು ಮಾಡಿದ್ರೆ ನನ್ನ ಶಿಫ್ಟ್ ಮುಗಿಯೋವರೆಗೆ ಮಾತ್ರ.

ನಾನು ಕೇಳ್ತಿರೋದು ಒಂದೇ. ಐಬಿಡಿ ಇರೋ ಹಿಸ್ಪಾನಿಕ್ ಹೆಂಗಸು ನಿಮ್ಮ ಮುಂದೆ ಕೂತಾಗ ಅವಳ ಮುಟ್ಟು, ಪ್ಯಾಪ್ ಟೆಸ್ಟ್ (ಗರ್ಭಕಂಠದ ಕ್ಯಾನ್ಸರ್‌ನ ಮುನ್ಸೂಚನೆ ಹುಡುಕೋ ಪರೀಕ್ಷೆ), ಮಕ್ಕಳು ಬೇಕಾ ಬೇಡ್ವಾ ಅನ್ನೋದು, ಕೆಳಗಡೆ ಏನಾದ್ರೂ ತೊಂದ್ರೆ ಇದೆಯಾ ಅನ್ನೋದು, ಇದೆಲ್ಲ ನೀವೇ ಕೇಳಿ. ಗೈನಕಾಲಜಿಸ್ಟ್ ಕೇಳ್ತಾರೆ ಬಿಡು ಅಂತ ಬಿಡಬೇಡಿ. ಯಾಕಂದ್ರೆ ಎಷ್ಟೋ ಜನಕ್ಕೆ ಗೈನಕಾಲಜಿಸ್ಟೇ ಇಲ್ಲ. ಕೊನೇ ಮಗು ಹುಟ್ಟಿದಾಗ ಪ್ರೆಗ್ನೆನ್ಸಿ ಮೆಡಿಕೇಡ್ (ಆದಾಯ ಕಮ್ಮಿ ಇರೋರಿಗೆ ಸರ್ಕಾರದ ಇನ್ಶೂರೆನ್ಸ್) ಇತ್ತು, ಆಗ ನೋಡಿದ್ದೇ ಕೊನೆ, ಆಮೇಲೆ ಕವರೇಜ್ ನಿಂತೋಯ್ತು, ಡಾಕ್ಟರೂ ನಿಂತೋದ್ರು. ಆದ್ರೆ ಕ್ರೋನ್ಸ್ ಔಷಧಿಗೆ ಮಾತ್ರ ಏನೋ ಮಾಡಿ, ಕಂಪನಿಯ ಅಸಿಸ್ಟೆನ್ಸ್ ಪ್ರೋಗ್ರಾಂಗೆ ಅರ್ಜಿ ಹಾಕಿ, ಎಂಟು ವಾರಕ್ಕೊಂದು ಸಲ ನಮ್ಮ ಚೇರ್‌ಗೆ ಬಂದು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಕೂರ್ತಾಳೆ. ವರ್ಷಕ್ಕೆ ಆರೇಳು ಸಲ ಅವಳು ಮೆಡಿಕಲ್ ಜನರ ಕಣ್ಣ ಮುಂದೆನೇ ಇರ್ತಾಳೆ, ಆದ್ರೂ ಒಬ್ಬರೂ ಅವಳನ್ನ ಕೊನೇ ಪ್ಯಾಪ್ ಯಾವಾಗ ಆಯ್ತಮ್ಮಾ ಅಂತ ಕೇಳಿರಲ್ಲ. ಗ್ಯಾಸ್ಟ್ರೋದವರು ಗೈನಕ್ ನೋಡ್ಕೋತಾರೆ ಅನ್ಕೋತಾರೆ, ಗೈನಕ್ ಸಿಕ್ಕಿದ್ರೂ ಅವರು ಬಯಾಲಜಿಕ್ (ಇನ್‌ಫ್ಲಿಕ್ಸಿಮ್ಯಾಬ್ ಥರದ ಔಷಧಿ) ಮೇಲಿರೋ ಪೇಶೆಂಟು, ಅದೆಲ್ಲ ಸ್ಪೆಷಲಿಸ್ಟ್ ಹೇಳ್ತಾರೆ ಅನ್ಕೋತಾರೆ. ಇಬ್ಬರು ವಾರಗಿತ್ತಿಯರು ಅವಳು ನೋಡ್ಕೋತಾಳೆ ಇವಳು ನೋಡ್ಕೋತಾಳೆ ಅಂತ ಕೂತು ಒಲೆ ಮೇಲಿನ ಹಾಲು ಉಕ್ಕಿದ ಹಾಗೆ ಆಗಿದೆ ಇದು.

ಇದು ನಿಮಗೆ ಗೊತ್ತಿಲ್ಲದ ಶಾಸ್ತ್ರ ಏನಲ್ಲ. ಗರ್ಭಕಂಠದ ಕ್ಯಾನ್ಸರ್ ಬಹುತೇಕ ಬರೋದೇ ಎಚ್‌ಪಿವಿ ವೈರಸ್‌ನಿಂದ, ಆ ವೈರಸ್ಸನ್ನ ಬಹುಪಾಲು ಜನರ ದೇಹವೇ ಒಂದೆರಡು ವರ್ಷದಲ್ಲಿ ಓಡಿಸಿಬಿಡುತ್ತೆ. ಅಜಥಯೋಪ್ರಿನ್, ಸ್ಟಿರಾಯ್ಡ್, ಬಯಾಲಜಿಕ್ ಅಂತ ಇಮ್ಯೂನಿಟಿ ತಗ್ಗಿಸೋ ಔಷಧಿ ವರ್ಷಗಟ್ಟಲೆ ತಗೊಳ್ಳೋರಲ್ಲಿ ಆ ಕೆಲಸ ಅಷ್ಟು ಸಲೀಸಾಗಿ ಆಗದೇ ಇರಬಹುದು ಅನ್ನೋ ಆತಂಕ ಇದೆ. ಅದಕ್ಕೇ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2017ರಲ್ಲೇ ಹೇಳ್ತು, ಇಂಥ ಔಷಧಿ ಮೇಲಿರೋ ಐಬಿಡಿ ಹೆಂಗಸರಿಗೆ ವರ್ಷಕ್ಕೊಂದು ಸಲ ಗರ್ಭಕಂಠದ ಸ್ಕ್ರೀನಿಂಗ್ ಆಗಬೇಕು ಅಂತ. ಗೈನಕ್ ಕಡೆಯವರು ಎಚ್‌ಐವಿ ಇರೋರಿಗೆ ಅನುಸರಿಸೋ ಲೆಕ್ಕಾನೇ ಇವರಿಗೂ ಹಾಕ್ತಾರೆ, ಮೊದಲು ವರ್ಷವರ್ಷ, ಸತತ ಮೂರು ನಾರ್ಮಲ್ ಬಂದ್ಮೇಲೆ 3 ವರ್ಷಕ್ಕೊಮ್ಮೆ. ಉಳಿದ ಹೆಂಗಸರಿಗೆ ಹೇಳೋ 3 ವರ್ಷಕ್ಕೊಂದು ಪ್ಯಾಪ್, ಇಲ್ಲಾ 30 ದಾಟಿದ್ರೆ 5 ವರ್ಷಕ್ಕೊಂದು ಎಚ್‌ಪಿವಿ ಟೆಸ್ಟ್ ಅನ್ನೋ ಲೆಕ್ಕ ಇವರಿಗೆ ಹಾಗೇ ಅಂಟಿಸೋ ಹಾಗಿಲ್ಲ. ಗಮನಿಸಿ, ಮೊದಲು ಹೇಳಿದ ಗೈಡ್‌ಲೈನ್ ಹೊಟ್ಟೆ ಡಾಕ್ಟರ್‌ಗಳ ಸಂಸ್ಥೆಯೇ ಹೊಟ್ಟೆ ಡಾಕ್ಟರ್‌ಗಳಿಗೇ ಬರೆದದ್ದು.

ಇನ್ನು ಹಿಸ್ಪಾನಿಕ್ ಹೆಂಗಸರ ಸ್ಥಿತಿ ನೋಡಿ. ಐಬಿಡಿ ಇರಲಿ ಬಿಡಲಿ, ಅಮೆರಿಕದ ಬಿಳಿ ಹೆಂಗಸರಿಗಿಂತ ಇವರಲ್ಲಿ ಗರ್ಭಕಂಠದ ಕ್ಯಾನ್ಸರ್ ಜಾಸ್ತಿ ಅನ್ನೋದು ತುಂಬಾ ವರ್ಷದಿಂದ ಗೊತ್ತಿರೋ ಸಂಗತಿ. ಟೆಕ್ಸಾಸ್ ಮೆಕ್ಸಿಕೋ ಬಾರ್ಡರ್ ಕಡೆ, ಮೆಕ್ಯಾಲನ್, ಬ್ರೌನ್ಸ್‌ವಿಲ್ ಇರೋ ರಿಯೋ ಗ್ರಾಂಡೆ ವ್ಯಾಲಿಯಲ್ಲಿ ಇನ್ನೂ ಜಾಸ್ತಿ. ಇಡೀ ದೇಶದಲ್ಲಿ ಇನ್ಶೂರೆನ್ಸ್ ಇಲ್ಲದವರ ಪ್ರಮಾಣ ಅತಿ ಹೆಚ್ಚಿರೋ ರಾಜ್ಯ ನಮ್ಮ ಟೆಕ್ಸಾಸು, ಮೆಡಿಕೇಡ್ ವಿಸ್ತರಣೆ ಮಾಡೇ ಇಲ್ಲ, ಎಷ್ಟೋ ಕೌಂಟಿಗಳಲ್ಲಿ ಹೆರಿಗೆ ಡಾಕ್ಟರೂ ಇಲ್ಲ. ಮೊದಲೇ ರಿಸ್ಕ್ ಜಾಸ್ತಿ ಇರೋ ಹೆಂಗಸಿಗೆ ನಾವು ಇಮ್ಯೂನಿಟಿ ತಗ್ಗಿಸೋ ಔಷಧಿ ಕೊಡ್ತಿದೀವಿ. ಔಷಧಿ ಕೊಡ್ಲೇಬೇಕು, ಅದು ಅವಳ ಕರುಳನ್ನ ಉಳಿಸುತ್ತೆ, ಆದ್ರೆ ಔಷಧಿ ಬರ್ದ ಕೈಯೇ ಸ್ಕ್ರೀನಿಂಗ್ ಬಗ್ಗೆನೂ ಬರೀಬೇಕಲ್ವಾ.

ಈಗ ಒಂದು ಘಟನೆ ಹೇಳ್ತೀನಿ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ. ಕ್ರೋನ್ಸ್ ಇರೋ ಒಬ್ಬ ತಾಯಿ, ವಯಸ್ಸು ನಲವತ್ತರ ಆಸುಪಾಸು, ಮನೆ ಕ್ಲೀನಿಂಗ್ ಕೆಲಸ, ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬರಲ್ಲ. ಜೊತೆಗೆ ಸ್ಕೂಲಿಗೆ ಹೋಗೋ ಮಗ ಬರ್ತಿದ್ದ, ಅವನೇ ಇಂಟರ್‌ಪ್ರಿಟರ್. ಚೆಕ್-ಇನ್‌ನಲ್ಲಿ ಟ್ಯಾಬ್ಲೆಟ್ ಕೊಡ್ತಾರೆ, ಇಂಗ್ಲಿಷ್ ಪ್ರಶ್ನೆಗಳು, ಅವನು ಓದಿ ಅಮ್ಮಂಗೆ ಹೇಳಿ ಟಿಕ್ ಮಾಡ್ಬೇಕು. ಹೊಟ್ಟೆನೋವು, ಭೇದಿ, ಜ್ವರ ಎಲ್ಲ ಕೇಳ್ದ. ಕೆಳಗಡೆ ಏನಾದ್ರೂ ಸ್ರಾವ ಇದೆಯಾ ಅನ್ನೋ ಪ್ರಶ್ನೆ ಬಂತು, ಹುಡುಗನ ಕಿವಿ ಕೆಂಪಗಾಯ್ತು, ಅಮ್ಮನ ಕಡೆ ತಿರುಗ್ಲೇ ಇಲ್ಲ, ತಾನೇ ಇಲ್ಲ ಅಂತ ಒತ್ತಿ ಮುಂದಿನ ಪೇಜಿಗೆ ಹೋದ. ಹುಡುಗನದು ಏನೂ ತಪ್ಪಿಲ್ಲ. ಆ ವಯಸ್ಸಿನ ಯಾವ ಮಗ ತಾನೇ ಅಮ್ಮನ್ನ ಅದನ್ನ ಕೇಳ್ತಾನೆ? ನಾನು ಅವನಿಗೆ ಹೊರಗಡೆ ಹೋಗಿ ಏನಾದ್ರೂ ತಿನ್ನಪ್ಪ ಅಂತ ಕಳಿಸಿ ವಿಡಿಯೋ ಇಂಟರ್‌ಪ್ರಿಟರ್ ಇರೋ ಗಾಲಿ ಸ್ಟ್ಯಾಂಡ್ ಎಳ್ಕೊಂಡು ಬಂದೆ, ಸ್ಕ್ರೀನಲ್ಲಿ ಹೆಂಗಸು ಇಂಟರ್‌ಪ್ರಿಟರೇ ಬೇಕು ಅಂತ ಕೇಳಿ ಹಾಕಿಸ್ಕೊಂಡೆ, ಪರದೆ ಎಳೆದೆ. ಅದೇ ಪ್ರಶ್ನೆ ಮತ್ತೆ ಕೇಳಿದ್ದಕ್ಕೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಂದೇ ಸಮ ಹೇಳೋಕೆ ಶುರು ಮಾಡಿದ್ರು. ತಿಂಗಳುಗಳಿಂದ ಮುಂದಿನ ದಾರಿಯಿಂದ ಗ್ಯಾಸ್ ಹೋಗ್ತಿದೆ, ಒಂದೊಂದ್ಸಲ ಮಲವೂ ಬರುತ್ತೆ, ಫಾರ್ಮಸಿಲಿ ಸಿಗೋ ಈಸ್ಟ್ ಇನ್‌ಫೆಕ್ಷನ್ ಕ್ರೀಮ್ ತಂದು ಹಚ್ಕೊಳ್ತಾನೇ ಇದಾರೆ, ಹಗಲು ರಾತ್ರಿ ಪ್ಯಾಡು, ವಾಸನೆ ಬರುತ್ತೆ ಅಂತ ಭಾನುವಾರದ ಚರ್ಚ್ ಬಿಟ್ಟಿದಾರೆ, ಗಂಡನ ಹತ್ರ ಮಲಗೋದು ಬಿಟ್ಟಿದಾರೆ, ತಾನೇನೋ ಕೊಳಕಾಗಿದೀನಿ ಅಂತ ಅನ್ಕೊಂಡಿದಾರೆ. ಅದು ಕ್ರೋನ್ಸ್‌ನ ರೆಕ್ಟೊವಜೈನಲ್ ಫಿಸ್ಟುಲಾ. ನೀವು ಪಾಠದಲ್ಲಿ ಓದಿರೋದೇ. ಕರುಳಿಗೂ ಯೋನಿಗೂ ಮಧ್ಯೆ ದಾರಿ ಆಗಿ, ಫೈಲ್‌ನಲ್ಲಿ ಮಾತ್ರ ವಿಸಿಟ್ ಮೇಲೆ ವಿಸಿಟ್ ಅಂಥ ತೊಂದ್ರೆ ಏನೂ ಇಲ್ಲ ಅಂತಾನೇ ಇತ್ತು. ಆಮೇಲೆ ಪೆಲ್ವಿಕ್ ಎಂಆರ್‌ಐ ಆಯ್ತು, ಕೊಲೊರೆಕ್ಟಲ್ ಸರ್ಜನ್ ನೋಡಿದ್ರು, ಟ್ರೀಟ್‌ಮೆಂಟ್ ಬೇರೆ ದಾರಿ ಹಿಡೀತು.

ಫೋನಲ್ಲೋ ವಿಡಿಯೋದಲ್ಲೋ ಅಥವಾ ಎದುರಿಗೋ ಟ್ರೈನಿಂಗ್ ಆಗಿರೋ ಇಂಟರ್‌ಪ್ರಿಟರ್ ಕೊಡೋದು ನಮ್ಮ ದೊಡ್ಡ ಮನಸ್ಸಿನ ವಿಷಯ ಅಲ್ಲ, ಫೆಡರಲ್ ದುಡ್ಡು ತಗೊಳ್ಳೋ ಕ್ಲಿನಿಕ್‌ಗಳಿಗೆ ಅದು ಕಾನೂನು. 1964ರ ಸಿವಿಲ್ ರೈಟ್ಸ್ ಆಕ್ಟ್, ಆಮೇಲೆ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್, ಎರಡೂ ಇದನ್ನೇ ಹೇಳೋದು. ಎಮರ್ಜೆನ್ಸಿ ಬಿಟ್ಟು ಬೇರೆ ಹೊತ್ತಲ್ಲಿ ಮಕ್ಕಳನ್ನ ಇಂಟರ್‌ಪ್ರಿಟರ್ ಮಾಡೋ ಹಾಗಿಲ್ಲ. ಅದು ಗೊತ್ತಿದ್ದೂ ಟೈಮ್ ಇಲ್ಲ, ಲೈನ್ ಸಿಗ್ತಿಲ್ಲ, ಮಗ ಇದಾನಲ್ಲ ಅಂತ ನಡೆಸ್ತೀವಿ. ಇನ್ನೊಂದು ಮಾತು, ಗ್ವಾಟೆಮಾಲಾ, ಮೆಕ್ಸಿಕೋದ ಒಹಾಕಾ ಕಡೆಯಿಂದ ಬಂದ ಕೆಲವರಿಗೆ ಸ್ಪ್ಯಾನಿಷ್ಷೇ ಎರಡನೇ ಭಾಷೆ, ಮನೆಮಾತು ಕಿಚೆ, ಮಿಕ್ಸ್‌ಟೆಕ್ ಥರದ ಭಾಷೆಗಳು. ತಲೆ ಅಲ್ಲಾಡಿಸಿದ್ರು ಅಂದ ತಕ್ಷಣ ಅರ್ಥ ಆಯ್ತು ಅನ್ಕೋಬೇಡಿ, ನಿಮ್ಮ ಮನೇಲಿ ಯಾವ ಭಾಷೆ ಮಾತಾಡ್ತೀರಿ ಅಂತ ಒಂದ್ಸಲ ಕೇಳಿ.

ಹಿಸ್ಪಾನಿಕ್ ಅಂತ ಒಂದೇ ಗಂಟಿಗೆ ಕಟ್ಟೋದೂ ಸರಿ ಇಲ್ಲ. 2020ರ ಜನಗಣತಿ ಪ್ರಕಾರ ಅವರು ಈ ದೇಶದಲ್ಲಿ 6.2 ಕೋಟಿ ಜನ, ಕರ್ನಾಟಕದ ಜನಸಂಖ್ಯೆಗೆ ಹತ್ತಿರ ಹತ್ತಿರ. ಮಯಾಮಿ ಯೂನಿವರ್ಸಿಟಿಯ ಡಾ. ಒರಿಯಾನಾ ಡಮಾಸ್ ಮತ್ತು ತಂಡದವರು 2013ರಲ್ಲಿ ತೋರಿಸಿದ ಹಾಗೆ, ಬೇರೆ ದೇಶದಲ್ಲಿ ಹುಟ್ಟಿ ಇಲ್ಲಿಗೆ ಬಂದ ಹಿಸ್ಪಾನಿಕ್ ಜನರಲ್ಲಿ ಐಬಿಡಿ ಪತ್ತೆ ಆಗೋದು ತಡವಾದ ವಯಸ್ಸಲ್ಲಿ, ಅಲ್ಸರೇಟಿವ್ ಕೊಲೈಟಿಸ್ ಜಾಸ್ತಿ, ಇಲ್ಲೇ ಹುಟ್ಟಿದವರಿಗೆ ಚಿಕ್ಕ ವಯಸ್ಸಲ್ಲೇ ಪತ್ತೆ ಆಗುತ್ತೆ. ನನಗೆ ಇದರಲ್ಲಿ ಕಾಣೋದು ಏನಂದ್ರೆ, ತಾಯಿಗೆ ಬೇಕಾಗೋ ಹೆಂಗಸರ ಆರೋಗ್ಯದ ಮಾತೇ ಬೇರೆ, ಮಗಳಿಗೆ ಬೇಕಾಗೋದೇ ಬೇರೆ.

ತಾಯಿ ನಲವತ್ತು ದಾಟಿದವಳು, ಮುಟ್ಟು ಏರುಪೇರಾಗೋ ಕಾಲ. ರಕ್ತ ಕಮ್ಮಿ ಇದೆ ಅಂತ ರಿಪೋರ್ಟ್ ಬಂದ್ರೆ ನಾವು ಕೊಲೈಟಿಸ್‌ನಿಂದ ಅಂತ ಬರ್ದು ಐರನ್ ಡ್ರಿಪ್ ಹಾಕ್ತೀವಿ. ತಿಂಗಳಿಗೆ ಎಷ್ಟು ದಿನ ಹೋಗುತ್ತೆ, ಎಷ್ಟು ಪ್ಯಾಡ್ ಬೇಕಾಗುತ್ತೆ, ಗಡ್ಡೆಗಡ್ಡೆಯಾಗಿ ಹೋಗುತ್ತಾ ಅಂತ ಕೇಳಿದ್ರೆ ಎಷ್ಟೋ ಸಲ ಅರ್ಧ ಕಥೆ ಗರ್ಭಕೋಶದಲ್ಲೇ ಇರುತ್ತೆ, ಫೈಬ್ರಾಯ್ಡ್ ಇರಬಹುದು, ಬೇರೆ ಏನಾದ್ರೂ ಇರಬಹುದು. ಉಲ್ಟಾನೂ ಇದೆ, ಮಲದಲ್ಲಿ ರಕ್ತ ಹೋಗ್ತಿದ್ರೂ ಅದು ಮೂಲವ್ಯಾಧಿ ಇಲ್ಲಾ ಮುಟ್ಟಿಂದು ಅಂತ ವರ್ಷಾನುಗಟ್ಟಲೆ ಕಷಾಯ, ಕ್ಯಾಮೊಮೈಲ್ ಟೀ ಕುಡ್ಕೊಂಡು ಕಳೆದಿರ್ತಾಳೆ. ಹೊಟ್ಟೆನೋವಿಗೆ ಇಬುಪ್ರೊಫೆನ್ ಡಬ್ಬಿಗಟ್ಟಲೆ ನುಂಗ್ತಿರ್ತಾಳೆ, ಆ ಗುಂಪಿನ ನೋವಿನ ಮಾತ್ರೆ ಕೆಲವರಲ್ಲಿ ಕರುಳಿನ ಖಾಯಿಲೆ ಕೆರಳಿಸುತ್ತೆ ಅಂತ ಅವಳಿಗೆ ಯಾರೂ ಹೇಳಿರಲ್ಲ. ನಾವು ಫ್ಲೇರ್ (ಖಾಯಿಲೆ ಮತ್ತೆ ಕೆರಳೋದು) ಯಾಕೆ ಬಂತು ಅಂತ ಕೊಲೊನೊಸ್ಕೋಪಿ ಮಾಡ್ತೀವಿ, ಮುಟ್ಟಿನ ನೋವಿಗೆ ಏನು ತಗೋತೀಯಮ್ಮಾ ಅಂತ ಕೇಳಲ್ಲ.

ಮಗಳಿಗೆ ಇಪ್ಪತ್ತು ಇಪ್ಪತ್ತೈದು. ಅವಳಿಗೆ ಎಚ್‌ಪಿವಿ ಲಸಿಕೆ ಆಗಿದೆಯಾ ನೋಡಿ. ಅದು ಜೀವಂತ ವೈರಸ್ ಇರೋ ಲಸಿಕೆ ಅಲ್ಲ, ಬಯಾಲಜಿಕ್ ಮೇಲಿದ್ರೂ ಕೊಡಬಹುದು, ಇಮ್ಯೂನಿಟಿ ಕಮ್ಮಿ ಇರೋರಿಗೆ ಯಾವ ವಯಸ್ಸಲ್ಲಿ ಶುರು ಮಾಡಿದ್ರೂ ಮೂರು ಡೋಸ್ ಬೇಕು, ಎರಡಕ್ಕೆ ಮುಗಿಯಲ್ಲ. 26ರವರೆಗೆ ಎಲ್ಲರಿಗೂ ಹೇಳ್ತಾರೆ, 2018ರಿಂದ 45 ವರ್ಷದವರೆಗೂ ಅನುಮತಿ ಇದೆ, ಡಾಕ್ಟರ್ ಜೊತೆ ಮಾತಾಡಿ ನಿರ್ಧಾರ ಮಾಡೋದು. 19 ತುಂಬದ, ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್ ಯೋಜನೆಯಲ್ಲಿ ಪುಕ್ಕಟೆ ಸಿಗುತ್ತೆ.

ಮಕ್ಕಳಾಗದ ಹಾಗೆ ನೋಡ್ಕೊಳ್ಳೋ ವಿಷಯ ಇನ್ನೂ ಸೂಕ್ಷ್ಮ, ಇದನ್ನ ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ. ಖಾಯಿಲೆ ಜೋರಾಗಿರೋವಾಗ ರಕ್ತ ಹೆಪ್ಪುಗಟ್ಟೋ ಅಪಾಯ ಮೊದಲೇ ಜಾಸ್ತಿ, ಅದರ ಮೇಲೆ ಈಸ್ಟ್ರೊಜೆನ್ ಇರೋ ಮಾತ್ರೆ ಕೊಟ್ರೆ ಇನ್ನೂ ಏರುತ್ತೆ. ಸಣ್ಣಕರುಳಿನ ಖಾಯಿಲೆ ಜೋರಾಗಿದ್ರೆ, ಅಥವಾ ದೊಡ್ಡ ಭಾಗ ತೆಗೆಸಿದ್ರೆ, ಮಾತ್ರೆ ಸರಿಯಾಗಿ ಮೈಗೆ ಹತ್ತದೇನೂ ಇರಬಹುದು. ಸ್ಟಿರಾಯ್ಡ್‌ನಿಂದ ಮೂಳೆ ಸವೆದಿರೋ ಹುಡುಗಿಗೆ ಮೂರು ತಿಂಗಳ ಇಂಜೆಕ್ಷನ್ ಒಳ್ಳೇದಲ್ಲ. ವಂಕಿ (ಗರ್ಭಕೋಶದೊಳಗೆ ಇಡೋ ಐಯುಡಿ) ಅಥವಾ ತೋಳಿನ ಇಂಪ್ಲಾಂಟ್ ಬಹಳಷ್ಟು ಜನಕ್ಕೆ ಸರಿಹೊಂದುತ್ತೆ, ರಕ್ತ ಕಮ್ಮಿ ಇರೋರಿಗೆ ತಾಮ್ರದ್ದಕ್ಕಿಂತ ಹಾರ್ಮೋನ್ ಇರೋ ವಂಕಿ ವಾಸಿ, ಮುಟ್ಟೂ ಕಮ್ಮಿ ಆಗುತ್ತೆ. ಇದನ್ನೆಲ್ಲ ಕೂತು ಹೇಳೋರು ಯಾರು? ಇಮ್ಯೂನಿಟಿ ತಗ್ಗಿಸೋ ಮೆಥೊಟ್ರೆಕ್ಸೇಟ್ ಔಷಧಿ ಬರೆಯೋದು ನೀವು, ಅದು ಹೊಟ್ಟೆಲಿರೋ ಮಗುವಿಗೆ ಮಾಡೋ ಹಾನಿ ನಿಮಗೆ ಗೊತ್ತು, 2022ರಿಂದ ಟೆಕ್ಸಾಸ್‌ನಲ್ಲಿ ಗರ್ಭಪಾತಕ್ಕೆ ಬಹುತೇಕ ಪೂರ್ತಿ ನಿಷೇಧ ಇದೆ ಅನ್ನೋದೂ ಗೊತ್ತು. ಹೀಗಿರೋವಾಗ ಇಂಗ್ಲಿಷ್ ಓದೋಕೆ ಬರದ ಹೆಂಗಸಿಗೆ ಇಂಗ್ಲಿಷ್ ಹಾಳೆ ಮೇಲೆ ಸೈನ್ ಹಾಕಿಸ್ಕೊಂಡು ಕಳಿಸೋದು ನನಗೆ ಸರಿ ಕಾಣಲ್ಲ.

ಮಕ್ಕಳು ಬೇಕು ಅನ್ನೋರ ಕಥೆನೂ ಹೀಗೇ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಅತ್ತೆನೋ ಅಕ್ಕನೋ ಹೇಳಿದ್ರು ಅಂತ ಔಷಧಿ ನಿಲ್ಸಿಬಿಟ್ಟು ಫ್ಲೇರ್ ಆಗಿ ಆಸ್ಪತ್ರೆ ಸೇರ್ತಾರೆ. ಮೊದಲೇ ಒಬ್ಬರು ಕೂರಿಸ್ಕೊಂಡು, ಮಗುಗೆ ಅಪಾಯ ಜಾಸ್ತಿ ಇರೋದು ಖಾಯಿಲೆ ಕೆರಳಿದ್ರಿಂದ, ಬಹುಪಾಲು ಬಯಾಲಜಿಕ್ ಮುಂದುವರಿಸಬಹುದು, ಮೆಥೊಟ್ರೆಕ್ಸೇಟ್ ಮಾತ್ರ ತಿಂಗಳುಗಳ ಮೊದಲೇ ಬಿಡಬೇಕು, ಕನಿಷ್ಠ ಮೂರು ತಿಂಗಳಾದ್ರೂ ಖಾಯಿಲೆ ತಣ್ಣಗಿದ್ದಾಗ ಗರ್ಭ ನಿಂತ್ರೆ ಒಳ್ಳೇದು ಅಂತ ಹೇಳಿದ್ರೆ ಅವಳು ಕೇಳಲ್ವಾ? ಕೇಳ್ತಾಳೆ. ಕೊಲೈಟಿಸ್‌ಗೆ ದೊಡ್ಡಕರುಳು ತೆಗೆದು ಜೆ-ಪೌಚ್ (ಸಣ್ಣಕರುಳಿಂದಲೇ ಮಾಡೋ ಮಲದ ಚೀಲ) ಮಾಡೋಕೆ ಮುಂಚೆ ಅದರಿಂದ ಗರ್ಭ ನಿಲ್ಲೋದು ಕಷ್ಟ ಆಗಬಹುದು ಅನ್ನೋದನ್ನೂ ಸರ್ಜರಿಗೆ ಮೊದಲೇ ಹೇಳಿ, ಆಮೇಲಲ್ಲ.

ಈ ಮಾತು ತೆಗೆದಾಗೆಲ್ಲ ನಮ್ಮವರೇ ಕೆಲವರು ಹೇಳೋದು ಕೇಳಿದೀನಿ, ಅವರ ಕಲ್ಚರ್ರೇ ಹಾಗೆ, ಗಂಡಸರ ದರ್ಬಾರು, ನಾಚಿಕೆ ಜಾಸ್ತಿ, ಪ್ಯಾಪ್ ಅಂದ್ರೆ ಬರಲ್ಲ ಅಂತ. ಇದನ್ನ ನಾನು ಒಪ್ಪಲ್ಲ. ನಾಚಿಕೆ ಇದೆ, ಯಾರಿಗಿಲ್ಲ, ನಮ್ಮ ಅಮ್ಮಂದಿರಿಗೆ ಅತ್ತೆಯರಿಗೆ ಇಲ್ವಾ? ಗರ್ಭಕಂಠದ ಕ್ಯಾನ್ಸರ್ ಭಾರತದ ಹೆಂಗಸರಲ್ಲಿ ಎರಡನೇ ಸ್ಥಾನದಲ್ಲಿದೆ, ನಮ್ಮ ಹಳ್ಳಿಗಳಲ್ಲಿ ಬಿಳಿಸೆರಗು ಅಂತ ವರ್ಷಗಟ್ಟಲೆ ಸಹಿಸ್ಕೊಂಡು ಕೊನೇ ಸ್ಟೇಜಲ್ಲಿ ಕಿದ್ವಾಯಿಗೆ ಬಂದವರನ್ನ ನಿಮ್ಮಲ್ಲಿ ಎಷ್ಟೋ ಜನ ಹೌಸ್ ಸರ್ಜನ್ ಆಗಿದ್ದಾಗ ಕಣ್ಣಾರೆ ನೋಡಿರ್ತೀರಿ. ಆದ್ರೆ ಇಲ್ಲಿ ನಾನು ನೋಡೋದು ನಾಚಿಕೆಗಿಂತ ಹೆಚ್ಚಾಗಿ ಒಂದು ದಿನದ ಕೂಲಿ ಹೋಗುತ್ತೆ ಅನ್ನೋ ಲೆಕ್ಕ, ಮಗು ಯಾರು ನೋಡ್ಕೋತಾರೆ ಅನ್ನೋ ಚಿಂತೆ, ಸರ್ಕಾರಿ ಸ್ಕೀಮ್ ತಗೊಂಡ್ರೆ ಗ್ರೀನ್ ಕಾರ್ಡ್‌ಗೆ ತೊಂದ್ರೆ ಆಗುತ್ತೇನೋ ಅನ್ನೋ ಭಯ, ಹಿಂದೆ ಒಂದ್ಸಲ ಪರೀಕ್ಷೆ ಮಾಡ್ಬೇಕಾದ್ರೆ ನೋವಾದಾಗ ಯಾರೂ ಕೇಳಲಿಲ್ಲ ಅನ್ನೋ ನೆನಪು. ಗುದದ್ವಾರದ ಸುತ್ತ ಕ್ರೋನ್ಸ್ ಇರೋಳಿಗೆ ಸ್ಪೆಕ್ಯುಲಮ್ (ಪ್ಯಾಪ್ ಮಾಡೋವಾಗ ಯೋನಿ ತೆರೆದು ಹಿಡಿಯೋ ಸಾಧನ) ಅಂದ್ರೆ ಎಷ್ಟು ನೋವು ಯೋಚನೆ ಮಾಡಿ. ಸಣ್ಣ ಸೈಜಿಂದು ಬಳಸಿ, ಫ್ಲೇರ್ ಇಲ್ಲದಾಗ ಡೇಟ್ ಕೊಡಿ, ಸಾಕು ಅಂದಾಗ ನಿಲ್ಲಿಸ್ತೀವಿ ಅಂತ ಅವಳ ಭಾಷೇಲಿ ಹೇಳಿ ಅಂತ ನೀವೇ ರೆಫರಲ್‌ನಲ್ಲಿ ಒಂದು ಸಾಲು ಬರೆದ್ರೆ ಆ ಕಡೆಯವರೂ ತಯಾರಾಗಿರ್ತಾರೆ.

ಕೇಳಿದ್ರೆ, ದಾರಿ ತೋರಿಸಿದ್ರೆ ಹೆಂಗಸರು ಬರ್ತಾರೆ ಅನ್ನೋದಕ್ಕೆ ಪುರಾವೆ ಇದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಬೆಂಬಲದಿಂದ ಅಮಿಗಾಸ್ ಅಂತ ಒಂದು ಕಾರ್ಯಕ್ರಮ ಮಾಡಿದ್ರು, ಎಲ್ ಪಾಸೊ, ಹ್ಯೂಸ್ಟನ್ ಮತ್ತೆ ವಾಷಿಂಗ್ಟನ್ ರಾಜ್ಯದ ಯಾಕಿಮಾ ವ್ಯಾಲಿಯಲ್ಲಿ. ಮೆಕ್ಸಿಕೋ ಮೂಲದ ಹೆಂಗಸರ ಮನೆಗೆ ಪ್ರೊಮೊಟೋರಾಗಳು, ಅಂದ್ರೆ ಹೆಚ್ಚುಕಮ್ಮಿ ನಮ್ಮ ಆಶಾ ಕಾರ್ಯಕರ್ತೆಯರ ಥರದವರು, ಹೋಗಿ ಕೂತು ಮಾತಾಡಿದ್ರು. ಸ್ಕ್ರೀನಿಂಗ್ ಮಾಡಿಸ್ಕೊಂಡವರ ಸಂಖ್ಯೆ ಏರ್ತು. ಕಲ್ಚರ್ ಅದೇ ಇತ್ತಲ್ಲ, ಬದಲಾಗಿದ್ದು ಬಂದು ಕೇಳಿದ ರೀತಿ. ನಿಮ್ಮ ದೊಡ್ಡ ಪ್ರಾಕ್ಟೀಸ್‌ಗಳಲ್ಲಿ ಪ್ರೈಯರ್ ಆಥರೈಸೇಷನ್‌ಗೇ (ಇನ್ಶೂರೆನ್ಸ್ ಕಂಪನಿಯ ಮುಂಗಡ ಒಪ್ಪಿಗೆ ತರೋಕೆ) ಅಂತ ಜನ ಇಟ್ಕೊಂಡಿದೀರಿ, ಒಬ್ಬ ಪ್ರೊಮೊಟೋರಾಳನ್ನ ಪಾರ್ಟ್ ಟೈಮ್ ಆದ್ರೂ ಇಟ್ಕೊಳ್ಳಿ.

ದುಡ್ಡಿನ ದಾರಿನೂ ಪೂರ್ತಿ ಮುಚ್ಚಿಲ್ಲ. 1990ರ ಕಾನೂನಿನಿಂದ ಶುರುವಾದ ಸಿಡಿಸಿಯ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ಪತ್ತೆ ಯೋಜನೆ ಇದೆ, ಟೆಕ್ಸಾಸ್‌ನಲ್ಲಿ ಅದು ಬ್ರೆಸ್ಟ್ ಅಂಡ್ ಸರ್ವೈಕಲ್ ಕ್ಯಾನ್ಸರ್ ಸರ್ವಿಸಸ್ ಅನ್ನೋ ಹೆಸರಲ್ಲಿ ನಡೆಯುತ್ತೆ, ಆದಾಯ ಕಮ್ಮಿ ಇದ್ದು ಇನ್ಶೂರೆನ್ಸ್ ಇಲ್ಲದವರಿಗೆ ಪುಕ್ಕಟೆ ಇಲ್ಲಾ ಕಮ್ಮಿ ಖರ್ಚಲ್ಲಿ ಪ್ಯಾಪ್ ಆಗುತ್ತೆ. ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ಆದಾಯ ನೋಡಿ ಫೀಸ್. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕ್ಲಿನಿಕ್‌ನಲ್ಲೇ ಹೆಂಗಸು ತಾನೇ ಸ್ಯಾಂಪಲ್ ತೆಗೆದುಕೊಡೋ ಎಚ್‌ಪಿವಿ ಟೆಸ್ಟ್‌ಗೂ ಅನುಮತಿ ಕೊಟ್ಟಿದೆ, ನಿಮ್ಮ ಔಷಧಿ ಮೇಲಿರೋರಿಗೆ ಅದೊಂದೇ ಸಾಕಾ ಅಂತ ಗೈನಕ್ ಜೊತೆ ಮಾತಾಡಿ ನಿರ್ಧಾರ ಮಾಡಿ, ಆದ್ರೆ ಏನೂ ಇಲ್ಲದೇ ವರ್ಷಗಳು ಕಳೆಯೋದಕ್ಕಿಂತ ಆ ಮಾತುಕತೆ ಆದ್ರೂ ನಡೀಲಿ. ಈ ಹೆಸರು, ಫೋನ್ ನಂಬರ್ ಎಲ್ಲ ಸ್ಪ್ಯಾನಿಷ್‌ನಲ್ಲಿ ಒಂದು ಹಾಳೆಗೆ ಹಾಕಿ ಇನ್‌ಫ್ಯೂಷನ್ ಚೇರ್ ಪಕ್ಕ ಇಟ್ರೆ ಸಾಕು, ಎರಡು ಗಂಟೆ ಕೂತವರು ಓದ್ತಾರೆ, ಅಲ್ಲೇ ನಾವು ನರ್ಸ್‌ಗಳು ಫೋನ್ ಹಚ್ಚಿ ಡೇಟ್ ತಗೊಂಡು ಕೊಡ್ತೀವಿ.

ಹಾಗಾಗಿ ಡಾಕ್ಟ್ರೇ, ಈ ವಾರ ನಿಮ್ಮ ಇನ್‌ಫ್ಯೂಷನ್ ಲಿಸ್ಟ್ ತೆಗೀರಿ. ಹೆಂಗಸರ ಹೆಸರಿನ ಮುಂದೆ ಕೊನೇ ಪ್ಯಾಪ್ ಯಾವಾಗ, ಎಚ್‌ಪಿವಿ ಲಸಿಕೆ ಎಷ್ಟು ಡೋಸ್, ಗರ್ಭನಿರೋಧಕ ಏನು, ಇಂಟರ್‌ಪ್ರಿಟರ್ ಯಾವ ಭಾಷೆ ಅಂತ ಕಾಲಂ ಹಾಕ್ಸಿ. ಖಾಲಿ ಇರೋ ಕಡೆಗೆಲ್ಲ ಸ್ಪ್ಯಾನಿಷ್ ಬರೋ ನಿಮ್ಮ ಮೆಡಿಕಲ್ ಅಸಿಸ್ಟೆಂಟ್ ಕೈಲಿ ಫೋನ್ ಮಾಡ್ಸಿ, ಅದಕ್ಕೆ ಅವಳಿಗೆ ಡ್ಯೂಟಿ ಟೈಮಲ್ಲೇ ಸಮಯ ಕೊಡಿ, ಊಟದ ಹೊತ್ತಲ್ಲಿ ಮಾಡು ಅನ್ಬೇಡಿ. ನಿಮ್ಮ ಊರಲ್ಲಿ ಇನ್ಶೂರೆನ್ಸ್ ಇಲ್ಲದವರನ್ನ ನೋಡೋ ಗೈನಕಾಲಜಿಸ್ಟ್ ಒಬ್ಬರನ್ನ ಹುಡುಕಿ ನೀವೇ ಮಾತಾಡಿಟ್ಕೊಳ್ಳಿ, ಡಾಕ್ಟರಿಂದ ಡಾಕ್ಟರಿಗೆ ಹೋದ ಫೋನಿಗೆ ಸಿಗೋ ಅಪಾಯಿಂಟ್‌ಮೆಂಟು ನಮ್ಮ ಫ್ಯಾಕ್ಸ್‌ಗೆ ಸಿಗಲ್ಲ.

ಇಂತಿ,
ಟೆಕ್ಸಾಸ್‌ನ ಒಬ್ಬ ಇನ್‌ಫ್ಯೂಷನ್ ನರ್ಸ್